22/7 ಅಂದ್ರ ಪೈ ಅಲ್ಲ: ದಶಮಾಂಶ ನೋಡಿ ಭಾಗಲಬ್ಧ ಯಾವ್ದು, ಅಭಾಗಲಬ್ಧ ಯಾವ್ದು ಅಂತ ಗುರುತು ಹಿಡಿಯೋದು ಹ್ಯಾಂಗ

ಹೋದ ವಾರ ಸಂಜಿಮುಂದ ನಮ್ಮ ಮನಿ ಬಾಜೂಕಿನ ಹುಡುಗಿ ಗಣಿತದ ಪುಸ್ತಕ ಹಿಡ್ಕೊಂಡು ಬಂದ್ಳು. ಈ ವರ್ಷ ಒಂಬತ್ತನೇತ್ತ ಇದ್ದಾಳ, ಮೊದಲನೇ ಪಾಠನೇ ಸಂಖ್ಯಾ ಪದ್ಧತಿ. ಆಕಿ ಕೇಳಿದ್ದು ಒಂದೇ ಪ್ರಶ್ನೆ: "ಕಾಕಾ, ಪೈ ಅಂದ್ರ 22/7 ಅಂತ ಇಷ್ಟು ವರ್ಷ ಬರ್ಕೋತ ಬಂದೀವಿ. 22/7 ಭಿನ್ನರಾಶಿ, ಹಂಗಾದ್ರ ಭಾಗಲಬ್ಧ. ಈಗ ಇಲ್ಲಿ ನೋಡಿದ್ರ ಪೈ ಅಭಾಗಲಬ್ಧ ಅಂತ ಬರ್ದಾರ. ಎರಡ್ರಾಗ ಯಾವ್ದು ಖರೆ?"

ಆಕಿ ಅಪ್ಪ ಗೌಂಡಿ ಕೆಲಸ ಮಾಡ್ತಾರ, ಕಲಬುರಗಿ ರಿಂಗ್ ರೋಡ್ ಕಡೆ ಈಗ ಒಂದು ಮನಿ ಕಟ್ಲಿಕ್ಕತ್ತಾರ, ಅವ್ರೂ ಅಲ್ಲೇ ಚಾ ಕುಡ್ಕೋತ ಕುಂತಿದ್ರು. ಅವ್ರು ಅಂದ್ರು, ಇಪ್ಪತ್ತು ವರ್ಷದಿಂದ ಟೇಪ್ ಹಿಡೀತೀನಿ, ಮುಗೀಲಾರದ ಅಳತಿ ಅಂತ ಒಂದೂ ನಾ ನೋಡಿಲ್ಲ, ಎಲ್ಲಾ ಅಳತಿನೂ ಎಲ್ಲೋ ಒಂದು ಗೆರಿ ಮ್ಯಾಲ ಬಂದು ನಿಲ್ತದ ಅಂತ. ಮಗಳ ಪ್ರಶ್ನೆ ಎಷ್ಟು ಛಲೋ ಇತ್ತೋ ಅಪ್ಪನ ಮಾತೂ ಅಷ್ಟೇ ಛಲೋ ಇತ್ತು. ಅವತ್ತು ಕುಂತು ಇಬ್ರಿಗೂ ಹೇಳಿದ್ದನ್ನ ಇಲ್ಲಿ ಬರೀಲಿಕ್ಕತ್ತೀನಿ, ಯಾಕಂದ್ರ ಇದು ಆ ಒಂದು ಮನಿ ಪ್ರಶ್ನೆ ಅಲ್ಲ, ಒಂಬತ್ತು ಹತ್ತನೇತ್ತ ಮಕ್ಕಳಿರೋ ಮನಿ ಎಲ್ಲಾ ಕಡೆ, ಮತ್ತ ಕಾಂಪಿಟೇಟಿವ್ ಪರೀಕ್ಷಕ್ಕ ಕೂತವ್ರ ಕಡೆನೂ ಇದೇ ಗೊಂದಲ ಅದ.

ಮೊದಲ ಹೆಸರು ಬಿಡಿಸ್ಕೊಳ್ಳೋಣ

ಭಾಗಲಬ್ಧ ಅನ್ನೋ ಪದ ಕೇಳಿ ಹುಡುಗ್ರು ಹೆದರ್ತಾರ, ಆದ್ರ ಆ ಪದದಾಗೇ ಅರ್ಥ ಕೂತದ. ಭಾಗ ಮಾಡಿದಾಗ ಲಬ್ಧ ಆಗೋದು, ಅಂದ್ರ ಕೈಗೆ ಸಿಗೋದು. ಒಂದು ಪೂರ್ಣಾಂಕಾನ ಇನ್ನೊಂದು ಪೂರ್ಣಾಂಕದಿಂದ ಭಾಗಿಸಿದ್ರ ಸಿಗೋ ಯಾವ ಸಂಖ್ಯೆ ಆದ್ರೂ ಭಾಗಲಬ್ಧ, ಸೊನ್ನಿಯಿಂದ ಭಾಗಿಸೋದು ಒಂದು ಬಿಟ್ಟು. 3/4 ಭಾಗಲಬ್ಧ, -5/9 ಭಾಗಲಬ್ಧ, 22/7 ಭಾಗಲಬ್ಧ. 6 ಕೂಡ ಭಾಗಲಬ್ಧನೇ, 6/1 ಅಂತ ಬರೀಬಹುದಲ್ಲ. 0.35 ಅಂದ್ರ 35/100, ಅದೂ ಹೌದು. ಪುಸ್ತಕದಾಗ ಇದನ್ನೇ ಪಿ ಬೈ ಕ್ಯೂ ರೂಪ ಅಂತಾರ, ಮ್ಯಾಲಿಂದು ಅಂಶ, ಕೆಳಗಿಂದು ಛೇದ.

ಹಿಂಗ ಎರಡು ಪೂರ್ಣಾಂಕದ ಭಾಗಾಕಾರವಾಗಿ ಹ್ಯಾಂಗ ತಿಣುಕಿದ್ರೂ ಬರೀಲಿಕ್ಕೆ ಆಗಲಾರದ ಸಂಖ್ಯೆನೇ ಅಭಾಗಲಬ್ಧ. ಇಂಗ್ಲಿಷ್ ಮೀಡಿಯಂ ಮಕ್ಕಳು ರ್‍ಯಾಷನಲ್ ಅಂದ್ರ ವಿವೇಕ ಇರೋದು, ಇರ್‍ಯಾಷನಲ್ ಅಂದ್ರ ತಲಿ ಇಲ್ಲದ್ದು ಅಂತ ತಿಳ್ಕೋತಾರ, ಆ ಪದ ಬಂದಿರೋದು ರೇಷಿಯೋ ಅನ್ನೋದ್ರಿಂದ, ಅಂದ್ರ ಅನುಪಾತದಿಂದ. ನನಗ ಕನ್ನಡದ ಹೆಸರೇ ಭಾಳ ಸೇರ್ತದ, ಯಾಕಂದ್ರ ಮುಂದಿನ ಎಲ್ಲಾ ಗುಟ್ಟೂ ಭಾಗಾಕಾರದೊಳಗೇ ಇರೋದು, ಕನ್ನಡದ ಹೆಸರು ಅದನ್ನ ಬಾಯಿ ಬಿಟ್ಟು ಹೇಳ್ತದ.

ಶೇಷದ ಆಟ

ಈಗ ಒಂದು ಹಾಳಿ ತಗೊಂಡು 1 ನ್ನ 7 ರಿಂದ ಭಾಗಿಸ್ರಿ. ಫೋನ್ ಬ್ಯಾಡ, ಕೈಯಿಂದಾನೇ ಮಾಡ್ರಿ, ಕೈಯಿಂದ ಮಾಡಿದ್ರ ಮಾತ್ರ ಇದು ಕಾಣ್ತದ.

1 ರಾಗ 7 ಹೋಗಂಗಿಲ್ಲ, ದಶಮಾಂಶ ಬಿಂದು ಇಟ್ಟು ಸೊನ್ನಿ ಇಳಿಸ್ತೀವಿ, 10 ಆಯ್ತು. 10 ರಾಗ 7 ಒಂದು ಸಲ, ಉಳಿದದ್ದು 3. ಸೊನ್ನಿ ಇಳಿಸಿ 30, ನಾಕು ಸಲ, ಉಳಿದದ್ದು 2. 20, ಎರಡು ಸಲ, ಉಳಿದದ್ದು 6. 60, ಎಂಟು ಸಲ, ಉಳಿದದ್ದು 4. 40, ಐದು ಸಲ, ಉಳಿದದ್ದು 5. 50, ಏಳು ಸಲ, ಉಳಿದದ್ದು 1. ಇಲ್ಲಿ ನಿಂದರ್ರಿ. 1 ಉಳೀತು ಅಂದ್ರ ನಾವು ಶುರು ಮಾಡಿದ ಜಾಗಕ್ಕೇ ವಾಪಸ್ ಬಂದ್ವಿ. ಮುಂದ ಸೊನ್ನಿ ಇಳಿಸಿದ್ರ ಮತ್ತ 10, ಮತ್ತ ಒಂದು ಸಲ, ಮತ್ತ 3 ಉಳೀತದ, ಅದೇ ಹಾದಿ ಅದೇ ಊರು. ಅದಕ್ಕೇ ಉತ್ತರ 0.142857142857142857... ಅಂತ ಆರು ಅಂಕಿ ಒಂದು ಗುಂಪಾಗಿ ತಿರುಗ್ಕೋತ ಹೋಗ್ತದ, ಎಂದೂ ನಿಲ್ಲಂಗಿಲ್ಲ.

ಇದು 7 ರ ವಿಶೇಷ ಏನಲ್ಲ, ಯಾವ ಛೇದ ತಗೊಂಡ್ರೂ ಹಿಂಗೇ ಆಗಲೇಬೇಕು, ಯಾಕ ಅಂತ ಕೇಳ್ರಿ. 7 ರಿಂದ ಭಾಗಿಸಿದಾಗ ಉಳೀಬಹುದಾದ ಶೇಷ ಯಾವುವು? 0, 1, 2, 3, 4, 5, 6, ಅಷ್ಟೇ, ಎಂಟನೇದು ಇಲ್ಲ. 0 ಉಳಿದ್ರ ಭಾಗಾಕಾರ ಅಲ್ಲಿಗೆ ಮುಗೀತು. 0 ಬರಲೇ ಇಲ್ಲ ಅಂದ್ರ ಉಳಿದಿರೋದು ಬರೇ ಆರು ಶೇಷ. ಮನಿ ಗ್ವಾಡಿಗಿ ಆರು ಗೂಟ ಅವ, ಮಕ್ಕಳು ತಂದದ್ದು ಏಳು ಪಾಟಿಚೀಲ, ಎಲ್ಲಾನೂ ತೂಗಹಾಕಬೇಕು ಅಂದ್ರ ಯಾವ್ದೋ ಒಂದು ಗೂಟಕ್ಕ ಎರಡು ಚೀಲ ಬೀಳಲೇಬೇಕಲ್ಲ, ಬ್ಯಾರೆ ದಾರಿ ಇಲ್ಲ. ಹಂಗೇ ಏಳನೇ ಹೆಜ್ಜಿಯೊಳಗಾಗಿ ಹಳೇ ಶೇಷ ಒಂದು ತಿರುಗಿ ಬರಲೇಬೇಕು. ಶೇಷ ತಿರುಗಿ ಬಂತು ಅಂದ್ರ ಅಂಕಿನೂ ತಿರುಗಿ ಬಂದಂಗೇ, ಯಾಕಂದ್ರ ಬಿಂದು ದಾಟಿದ ಮ್ಯಾಲ ನಾವು ಇಳಿಸೋದು ಬರೇ ಸೊನ್ನಿ, ಮುಂದಿನ ಹೆಜ್ಜಿ ಏನು ಅಂತ ತೀರ್ಮಾನ ಮಾಡೋದು ಆ ಶೇಷ ಒಂದೇ.

ಹಂಗಾಗಿ ಛೇದ 7 ಇದ್ರ ಸುತ್ತು ಹೆಚ್ಚಂದ್ರ 6 ಅಂಕಿ, ಛೇದ 17 ಇದ್ರ ಹೆಚ್ಚಂದ್ರ 16, ಛೇದ 1001 ಇದ್ರ ಹೆಚ್ಚಂದ್ರ 1000. ಪೂರಾ ಅಷ್ಟೇ ಆಗಬೇಕು ಅಂತಿಲ್ಲ, ಮದ್ಲೇ ತಿರುಗಬಹುದು. 1/11 ರದ್ದು ಎರಡೇ ಅಂಕಿ, 0.090909... ಅಂತ. 1/13 ರದ್ದು ಆರು, 0.076923 ಅಂತ ಸುತ್ತು. 1/17 ಮಾತ್ರ ಪೂರಾ 16 ತಗೋತದ, 0.0588235294117647 ಅಂತ ಹೋಗಿ ಆಮ್ಯಾಲ ಮತ್ತ 0588 ಅಂತ ಶುರು ಮಾಡ್ತದ.

ಬೀದರದ ಬಿದ್ರಿ ತಟ್ಟಿ ನೋಡಿದವ್ರಿಗೆ ಇದು ಲಗೂನ ಹತ್ತತದ. ಕರೀ ತಟ್ಟಿ ಅಂಚಿಗೆ ಬೆಳ್ಳಿ ತಂತಿಯಿಂದ ಒಂದು ಹೂವು ಒಂದು ಎಲಿ ಅಂತ ಕೂಡಿಸ್ಕೋತ ಹೋಗಿರ್ತಾರ, ಒಂದು ತುಣುಕು ನೋಡಿದ್ರ ಸಾಕು, ಉಳಿದ ಅಂಚು ಹ್ಯಾಂಗ ಇರ್ತದ ಅಂತ ಕಣ್ಣು ಮುಚ್ಚಿ ಹೇಳಬಹುದು. ಭಾಗಲಬ್ಧ ಸಂಖ್ಯೆ ದಶಮಾಂಶ ಅಂದ್ರ ಆ ಅಂಚು. ತಿರುಗೋ ಆ ತುಣುಕಿಗೇ ಪುಸ್ತಕದಾಗ ಆವರ್ತ ಭಾಗ ಅಂತಾರ, ಅದರ ಅಂಕಿಗಳ ಮ್ಯಾಲ ಒಂದು ಅಡ್ಡಗೆರಿ ಎಳೀತಾರ, ಗೆರಿ ಅಂದ್ರ "ಇಷ್ಟೇ ತಿರುಗ್ತದ" ಅಂತ.

ಕೆಲವು ಮುಗೀತಾವ, ಕೆಲವು ಮುಗಿಯಂಗಿಲ್ಲ, ಯಾಕ?

7/8 ಭಾಗಿಸಿದ್ರ 0.875, ಮುಗೀತು. 3/40 ಅಂದ್ರ 0.075, ಮುಗೀತು. ಆದ್ರ 1/3 ಭಾಗಿಸಿದ್ರ 0.333..., ಮುಗಿಯಂಗಿಲ್ಲ. 7/12 ಅಂದ್ರ 0.58333..., ಅದೂ ಮುಗಿಯಂಗಿಲ್ಲ.

ಭಾಗಾಕಾರ ಮಾಡದೇನೇ ಇದನ್ನ ಹೇಳೋ ದಾರಿ ಅದ. ನಮ್ಮ ದಶಮಾಂಶ ನಿಂತಿರೋದು 10 ರ ಮ್ಯಾಲ, ಹತ್ತನೇ ಭಾಗ, ನೂರನೇ ಭಾಗ, ಸಾವಿರದ ಭಾಗ. 10 ಅಂದ್ರ 2×5. ಅದಕ್ಕ ಛೇದವನ್ನ ಒಡದಾಗ ಬರೇ 2 ಮತ್ತ 5 ಇದ್ರ ಅದನ್ನ 10, 100, 1000 ಯಾವ್ದಾದ್ರೂ ಒಂದಕ್ಕ ಹಿಗ್ಗಿಸಬಹುದು, ದಶಮಾಂಶ ಮುಗೀತದ. 3 ಅಥವಾ 7 ಅಥವಾ 11 ಒಳಗ ಹೊಕ್ಕಿದ್ರ ಹತ್ತನ್ನ ಎಷ್ಟು ಸಲ ಗುಣಿಸಿದ್ರೂ ಅದು ಅಡಗಂಗಿಲ್ಲ, ದಶಮಾಂಶ ತಿರುಗ್ತದ. ಒಂದು ಎಚ್ಚರ, ಮೊದಲ ಭಿನ್ನರಾಶಿನ ಸಣ್ಣದು ಮಾಡ್ಕೋಬೇಕು. 6/15 ನೋಡಿ 15 ರಾಗ 3 ಅದ, ಮುಗಿಯಂಗಿಲ್ಲ ಅಂತ ಬರ್ದ್ರ ಮಾರ್ಕ್ ಹೋಗ್ತದ, ಯಾಕಂದ್ರ ಅದು ಸಣ್ಣದಾದ್ರ 2/5, ಅಂದ್ರ ಬರೋಬ್ಬರಿ 0.4.

ಹೊಲದ ಲೆಕ್ಕ ಇದಕ್ಕ ಒಳ್ಳೆ ಉದಾಹರಣೆ. 1 ಎಕರೆ ಅಂದ್ರ 40 ಗುಂಟೆ, 40 ಅಂದ್ರ 2×2×2×5, ಬ್ಯಾರೆ ಏನೂ ಇಲ್ಲ, ಅದಕ್ಕ ಎಷ್ಟು ಗುಂಟೆ ಇದ್ರೂ ಎಕರೆ ಲೆಕ್ಕದಾಗ ಮುಗಿಯೋ ದಶಮಾಂಶನೇ ಬರ್ತದ. 1 ಗುಂಟೆ 0.025 ಎಕರೆ, 13 ಗುಂಟೆ 0.325 ಎಕರೆ. ಇದರ ನಡುವೆ ಒಂದು ಮಾತು ಹೇಳಿಬಿಡ್ತೀನಿ, ಪಹಣಿಯೊಳಗ 2 ಎಕರೆ 13 ಗುಂಟೆ ಅಂತ ಇದ್ದದ್ದನ್ನ ಭಾಳ ಮಂದಿ ಕ್ಯಾಲ್ಕುಲೇಟರ್‌ನಾಗ 2.13 ಅಂತ ಒತ್ತಿ ರೇಟ್ ಹಚ್ತಾರ, ಅದು 2.13 ಎಕರೆ ಅಲ್ಲ, 2.325 ಎಕರೆ. ಎಂಟು ಗುಂಟೆ ಹತ್ರ ಹತ್ರ ಫರಕ್ ಬೀಳ್ತದ, ಅದು ಸಣ್ಣ ಮಾತಲ್ಲ.

ಮುಗಿಯೋದು ಬಿಡೋದು ಸಂಖ್ಯೆಯ ಗುಣ ಅಲ್ಲ, ನಾವು ಬರಿಯೋ ಪದ್ಧತಿಯ ಗುಣ ಅನ್ನೋದಕ್ಕ ನಮ್ಮ ಅಜ್ಜಂದಿರ ರೂಪಾಯಿನೇ ಸಾಕ್ಷಿ. ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಾಗ ಇದ್ದಾಗ ಇಲ್ಲಿ ನಡೀತಿದ್ದದ್ದು ಹಾಲಿ ಸಿಕ್ಕಾ ರೂಪಾಯಿ, ಅದಕ್ಕೂ 16 ಆಣೆ, ಆಣೆಗೆ 12 ಪೈ. (ಈ ಪೈ ನಾಣ್ಯದ ಪೈ, ವೃತ್ತದ ಪೈ ಅಲ್ಲ.) ಅಂದ್ರ ರೂಪಾಯಿಗೆ 192 ಪೈ. ಒಂದು ರೂಪಾಯಿ ಮೂರು ಮಂದಿಗೆ ಹಂಚ್ರಿ, ಒಬ್ಬೊಬ್ಬರಿಗೆ 64 ಪೈ, ಅಂದ್ರ 5 ಆಣೆ 4 ಪೈ, ಒಂದು ಚೂರೂ ಉಳಿಯಂಗಿಲ್ಲ. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ಪೈಸೆ ಆಯ್ತು, ಅವತ್ತಿಂದ ಅದೇ ಮೂರನೇ ಒಂದು ಪಾಲು 33.333... ಪೈಸೆ ಆಗಿ ಮುಗೀಲಾರದಂಗ ಆಯ್ತು. ಪಾಲು ಅದೇ, ಬರಿಯೋ ಲೆಕ್ಕ ಬದಲಾಯ್ತು. ಗುಂಟೆಲೂ ಹಂಗೇ. 33 ಫೂಟ್ ಉದ್ದ 33 ಫೂಟ್ ಅಗಲದ ಒಂದು ಗುಂಟೆ ಮೂರು ಅಣ್ಣತಮ್ಮಂದಿರಿಗೆ ಹಂಚಿದ್ರ 0.333... ಗುಂಟೆ ಅಂತ ಕಾಗದದ ಮ್ಯಾಲ ಬಾಲ ಬೆಳೀತದ, ಹೊಲದಾಗ ನೋಡಿದ್ರ 11 ಫೂಟಿನ ಮೂರು ಪಟ್ಟಿ, ಜಗಳಕ್ಕ ಜಾಗನೇ ಇಲ್ಲ.

ಅದಕ್ಕೇ "ಮುಗಿಯಂಗಿಲ್ಲ, ಹಂಗಾದ್ರ ಅಭಾಗಲಬ್ಧ" ಅನ್ನೋ ತಪ್ಪು ಮಾಡಬ್ಯಾಡ್ರಿ. ಮಕ್ಕಳು ಮಾಡೋ ತಪ್ಪಿನೊಳಗ ಇದೇ ದೊಡ್ಡದು. ಕೇಳಬೇಕಾದ ಪ್ರಶ್ನೆ ಮುಗೀತದೋ ಇಲ್ವೋ ಅಂತ ಅಲ್ಲ, ತಿರುಗಿ ಬರ್ತದೋ ಇಲ್ವೋ ಅಂತ.

ಉಲ್ಟಾ ದಾರಿ: ದಶಮಾಂಶದಿಂದ ಭಿನ್ನರಾಶಿಗೆ

ಭಾಗಲಬ್ಧ ಇದ್ರ ಮುಗೀತದ ಇಲ್ಲಾ ತಿರುಗ್ತದ ಅಂತ ನೋಡಿದ್ವಿ. ಈಗ ಯಾರೋ ಬಂದು ತಿರುಗೋ ದಶಮಾಂಶ ಒಂದನ್ನ ಕೈಗೆ ಕೊಟ್ರು ಅಂದ್ರ ಅದು ಖಂಡಿತ ಭಾಗಲಬ್ಧನೇ ಅಂತ ಹ್ಯಾಂಗ ಹೇಳ್ತೀರಿ? ಅದರ ಭಿನ್ನರಾಶಿ ಹುಡುಕಿ ತೋರಿಸಿಬಿಟ್ರ ಆಯ್ತಲ್ಲ.

0.272727... ತಗೋರಿ. ಎರಡು ಅಂಕಿ ತಿರುಗ್ತಾವ, ಅದಕ್ಕ 100 ರಿಂದ ಗುಣಿಸ್ರಿ, 27.272727... ಬಂತು. ಎರಡೂ ಸಂಖ್ಯೆ ಒಂದರ ಕೆಳಗ ಒಂದು ಇಟ್ಟು ಕಳೀರಿ. ಬಿಂದು ಆಚಿ ಇರೋ ಬಾಲ ಎರಡಕ್ಕೂ ಒಂದೇ, ಕಳೆದ್ರ ಪೂರಾ ಹೋಯ್ತು, ಉಳಿದದ್ದು 27. ಅಂದ್ರ ಸಂಖ್ಯೆಯ 99 ಪಟ್ಟು 27, ಹಂಗಾದ್ರ ಸಂಖ್ಯೆ 27/99, ಸಣ್ಣದು ಮಾಡಿದ್ರ 3/11. ಮುಗೀಲಾರದ ಬಾಲ ಒಂದು ಕಳೆಯೋ ಲೆಕ್ಕದಾಗ ಕರಗಿಹೋಯ್ತು, ನನಗ ಗಣಿತದಾಗ ಇದಕ್ಕಿಂತ ಸರಳ ಚಂದ ಕಂಡಿಲ್ಲ.

ತಿರುಗೋದಕ್ಕೂ ಮೊದಲ ಒಂದೆರಡು ಅಂಕಿ ಸುಮ್ಮ ಇದ್ರೂ ಇದೇ ಉಪಾಯ. 0.58333... ಒಳಗ 3 ಮಾತ್ರ ತಿರುಗ್ತದ, 58 ಸುಮ್ಮ ಅದ. 1000 ದಿಂದ ಗುಣಿಸಿದ್ರ 583.333..., 100 ರಿಂದ ಗುಣಿಸಿದ್ರ 58.333..., ಕಳೆದ್ರ 525. ಅಂದ್ರ 900 ಪಟ್ಟು 525, ಸಂಖ್ಯೆ 525/900, ಅಂದ್ರ 7/12. ಮ್ಯಾಲ ನೋಡಿದ್ದ ಅದೇ 7/12 ತಿರುಗಿ ಸಿಕ್ತು. ಮುಗಿಯೋ ದಶಮಾಂಶಕ್ಕ ಇಷ್ಟೂ ಬ್ಯಾಡ, 0.875 ಅಂದ್ರ 875/1000, ಮುಗೀತು.

ಹಂಗಾದ್ರ ಎರಡೂ ಕಡೆಯಿಂದ ಬಾಗಿಲು ಹಾಕಿದಂಗಾಯ್ತು. ಭಾಗಲಬ್ಧ ಇದ್ರ ಮುಗೀಬೇಕು ಇಲ್ಲಾ ತಿರುಗಬೇಕು. ಮುಗೀತು ಇಲ್ಲಾ ತಿರುಗ್ತು ಅಂದ್ರ ಭಾಗಲಬ್ಧನೇ. ಉಳಿದದ್ದು ಒಂದೇ ಜಾತಿ, ಮುಗಿಯಂಗೂ ಇಲ್ಲ, ತಿರುಗಂಗೂ ಇಲ್ಲ. ಅದೇ ಅಭಾಗಲಬ್ಧ.

ತಿರುಗಿ ಬರಲಾರದವು

ಅಂಥದ್ದೊಂದು ನಾವೇ ಮಾಡಬಹುದು. 0.101001000100001... ಅಂತ ಬರೀರಿ, ಒಂದು ಸೊನ್ನಿ ಆಮ್ಯಾಲ 1, ಎರಡು ಸೊನ್ನಿ ಆಮ್ಯಾಲ 1, ಮೂರು ಸೊನ್ನಿ, ನಾಕು ಸೊನ್ನಿ, ಹಿಂಗೇ. ಹುಡುಗಿ ತಕ್ಷಣ ಅಂದ್ಳು, ಇದ್ರಾಗ ಒಂದು ನಿಯಮ ಅದ ಅಲ್ಲ ಕಾಕಾ, ಹಂಗಾದ್ರ ಭಾಗಲಬ್ಧ ಅಲ್ಲೇನು ಅಂತ. ನಿಯಮ ಇರೋದು ಬ್ಯಾರೆ, ಸುತ್ತು ಇರೋದು ಬ್ಯಾರೆ. ಬಿದ್ರಿ ಅಂಚಿನಾಗ ಅದೇ ತುಣುಕು ಅದೇ ಅಳತಿಯೊಳಗ ತಿರುಗಿ ಬರ್ತದ. ಇಲ್ಲಿ ಪ್ರತಿ ಸಲ ಸೊನ್ನಿ ಸಾಲು ಒಂದೊಂದು ಉದ್ದ ಆಗ್ಕೋತ ಹೊಂಟದ, ಅದೇ ತುಣುಕು ಎಂದೂ ತಿರುಗಿ ಬರಂಗಿಲ್ಲ. ಮುಂದಿನ ಅಂಕಿ ಯಾವ್ದು ಅಂತ ಪಕ್ಕಾ ಗೊತ್ತು, ಆದ್ರೂ ಅಭಾಗಲಬ್ಧ.

ಇದು ಮಾಡಿದ ಸಂಖ್ಯೆ ಆಯ್ತು, ತಾನಾಗೇ ಸಿಗೋದು ಅಂದ್ರ √2, ಯಾವ ಸಂಖ್ಯೆನ ಅದರಿಂದಾನೇ ಗುಣಿಸಿದ್ರ 2 ಬರ್ತದೋ ಅದು. 1.4 ನ್ನ 1.4 ರಿಂದ ಗುಣಿಸಿದ್ರ 1.96. 1.41 ರ ವರ್ಗ 1.9881. 1.414 ರದ್ದು 1.999396. 1.4142 ರದ್ದು 1.99996164. ಹತ್ರ ಹತ್ರ ಬರ್ತದ, ಕೂಡಂಗಿಲ್ಲ. ಎಲ್ಲೋ ಒಂದು ಕಡೆ ಮುಗೀಬಹುದಲ್ಲ ಅಂತ ಆಸೆ ಇರ್ತದ, ಮುಗಿಯಂಗಿಲ್ಲ ಅಂತ ಮೂರನೇತ್ತ ಮಗಗೂ ತೋರಿಸಬಹುದು. ಮುಗಿದ್ರ ಕೊನೀಗೆ ಒಂದು ಅಂಕಿ ಇರಬೇಕು, 1 ರಿಂದ 9 ರೊಳಗಿಂದು, ಕೊನೀಗೆ ಸೊನ್ನಿ ಬರಿಯಂಗಿಲ್ಲಲ್ಲ. 1 ರಿಂದ 9 ರ ವರ್ಗದ ಕೊನೀ ಅಂಕಿ ನೋಡ್ರಿ: 1, 4, 9, 6, 5, 6, 9, 4, 1. ಸೊನ್ನಿ ಒಂದೂ ಇಲ್ಲ. ನಮಗ ಬೇಕಾದದ್ದು 2.000..., ಕೊನೀಗೆ ಎಲ್ಲಾ ಸೊನ್ನಿ. ಎಷ್ಟು ಉದ್ದ ಹೋಗಿ ನಿಂತ್ರೂ ವರ್ಗದ ಬಾಲದಾಗ ಸೊನ್ನಿ ಅಲ್ಲದ ಅಂಕಿ ಒಂದು ಕೂತೇ ಇರ್ತದ.

ಸರಿ, ಮುಗಿಯಂಗಿಲ್ಲ, ಆದ್ರ ಎಲ್ಲೋ ದೂರ ಹೋಗಿ ತಿರುಗಬಹುದಲ್ಲ? ತಿರುಗಿದ್ರ ಅದು ಭಿನ್ನರಾಶಿ ಆಗಬೇಕು ಅಂತ ಈಗಷ್ಟೇ ನೋಡಿದ್ವಿ. ಹಂಗಿದ್ರ ಆ ಅಂಶದ ವರ್ಗ, ಛೇದದ ವರ್ಗದ ಎರಡು ಪಟ್ಟು ಇರಬೇಕು. ಈಗ ಎರಡೂ ಕಡೆ 2 ಎಷ್ಟು ಸಲ ಅದ ಅಂತ ಎಣಸ್ರಿ. 12 ನ್ನ ಒಡದ್ರ 2×2×3, ಎರಡು 2 ಅವ, ಅದರ ವರ್ಗದಾಗ ನಾಕು ಇರ್ತಾವ. ಯಾವ ಸಂಖ್ಯೆ ವರ್ಗ ಮಾಡಿದ್ರೂ 2 ರ ಎಣಿಕಿ ದುಪ್ಪಟ್ಟು ಆಗ್ತದ, ಅಂದ್ರ ಯಾವಾಗ್ಲೂ ಸಮ. ಒಂದು ಕಡೆ ಬರೇ ವರ್ಗ, ಎಣಿಕಿ ಸಮ. ಇನ್ನೊಂದು ಕಡೆ ವರ್ಗದ ಜೊತಿಗೆ ಮ್ಯಾಲೊಂದು 2, ಎಣಿಕಿ ಬೆಸ. ಒಂದೇ ಸಂಖ್ಯೆಯೊಳಗ 2 ರ ಎಣಿಕಿ ಸಮನೂ ಬೆಸನೂ ಎರಡೂ ಆಗಲಿಕ್ಕೆ ಸಾಧ್ಯ ಇಲ್ಲ. ಅಂದ್ರ ಅಂಥ ಭಿನ್ನರಾಶಿನೇ ಇಲ್ಲ, ಹಂಗಾಗಿ ತಿರುಗೋ ದಶಮಾಂಶನೂ ಇಲ್ಲ. ಒಂದು ಕೋಟಿ ಅಂಕಿ ನೋಡೋ ಕೆಲಸನೇ ಬೀಳಲಿಲ್ಲ.

√3, √5, √10 ಎಲ್ಲಾ ಹಿಂಗೇ, ಪೂರ್ಣ ವರ್ಗ ಅಲ್ಲದ ಪೂರ್ಣಾಂಕದ ವರ್ಗಮೂಲ ಎಲ್ಲಾ ಅಭಾಗಲಬ್ಧ. ಹಂಗಂತ ವರ್ಗಮೂಲದ ಚಿಹ್ನೆ ಕಂಡ ಕೂಡ್ಲೇ ಅಭಾಗಲಬ್ಧ ಅಂತ ಗೀಚಬ್ಯಾಡ್ರಿ. √49 ಅಂದ್ರ 7. √0.04 ಅಂದ್ರ 0.2. ಆದ್ರ √0.4 ಮಾತ್ರ 0.632455532... ಅಂತ ಹೊಂಟುಬಿಡ್ತದ, ಅದು ಅಭಾಗಲಬ್ಧ.

ಫೋನಿನ ಕ್ಯಾಲ್ಕುಲೇಟರ್ ಎಲ್ಲಿ ದಾರಿ ತಪ್ಪಿಸ್ತದ

ಫೋನಿನ ಪರದಿ ಮ್ಯಾಲ ಹತ್ತೋ ಹನ್ನೆರಡೋ ಅಂಕಿ ಕಾಣ್ತಾವ. 2/3 ಒತ್ತಿದ್ರ ಕೆಲವು ಫೋನ್ 0.666666667 ಅಂತ ತೋರಿಸ್ತಾವ, ಆ ಕೊನೀ 7 ಅಲ್ಲಿಲ್ಲ, ಜಾಗ ಸಾಲದ್ದಕ್ಕ ರೌಂಡ್ ಆಫ್ ಮಾಡಿದ್ದು. 1/17 ಒತ್ತಿದ್ರ 0.0588235294 ಅಂತ ಬರ್ತದ, ಒಂದು ಅಂಕಿ ಗುಂಪೂ ತಿರುಗಿದ್ದು ಕಾಣಂಗಿಲ್ಲ, ನೋಡಿದವ್ರು ಅಭಾಗಲಬ್ಧ ಅಂದ್ಕೋತಾರ, ಸುತ್ತು 16 ಅಂಕಿಯದು, ಪರದಿ ಹತ್ತರದು.

ಇದರ ಉಲ್ಟಾ ಮೋಸನೂ ಅದ. ಗಣಿತದಾಗ ಇ ಅಂತ ಒಂದು ಸಂಖ್ಯೆ ಅದ, ಬಡ್ಡಿ ಮ್ಯಾಲ ಬಡ್ಡಿ ಬೆಳೆಯೋ ಲೆಕ್ಕದಾಗ ಬರ್ತದ, ಅದು 2.718281828... ಅಂತ ಶುರು ಆಗ್ತದ. 1828 1828 ಅಂತ ಎರಡು ಸಲ ಬಂತು, ಆಹಾ ತಿರುಗ್ತು ಅಂತೀರಿ, ಮುಂದಿನ ಅಂಕಿ ನೋಡಿದ್ರ 459045, ಸುತ್ತು ಅಲ್ಲೇ ಹರೀತು. ಇ ಅಭಾಗಲಬ್ಧ ಅಂತ ಆಯ್ಲರ್ ಅನ್ನೋ ಗಣಿತಜ್ಞ 1737ರಲ್ಲೇ ತೋರಿಸಿದ್ದ. ಪೈಯೊಳಗಂತೂ 762ನೇ ದಶಮಾಂಶ ಸ್ಥಾನದಿಂದ 999999 ಅಂತ ಆರು ಒಂಬತ್ತು ಸಾಲಾಗಿ ಕುಂತಾವ, ಅಲ್ಲಿ ಬಂದು ನೋಡಿದವ್ರಿಗೆ ಇನ್ನ ಇಲ್ಲಿಂದ 9 ರ ಸುತ್ತೇ ಅನ್ನಿಸಬಹುದು, ಏಳನೇದು 8.

ಒಂದು ತುಣುಕು ಎರಡು ಮೂರು ಸಲ ಬಂದದ್ದು ಸುತ್ತು ಅಲ್ಲ, ಹತ್ತು ಅಂಕಿಯೊಳಗ ಬರದೇ ಇದ್ದದ್ದು ಸುತ್ತು ಇಲ್ಲ ಅಂತನೂ ಅಲ್ಲ. ಪರೀಕ್ಷೆಯೊಳಗ ದಶಮಾಂಶ ಕೊಟ್ಟು ಮೂರು ಚುಕ್ಕಿ ಇಟ್ಟಾಗ ಅವ್ರು ಸುತ್ತನ್ನ ಹೇಳಿಯೇ ಕೊಟ್ಟಿರ್ತಾರ, ಅಲ್ಲಿ ಹಿಡಿಯೋದು ಸುಲಭ. ಹೊರಗ ಸಿಗೋ ಸಂಖ್ಯೆಗೆ ಅದು ಎಲ್ಲಿಂದ ಬಂತು ಅಂತ ಕೇಳಬೇಕು. ಪೂರ್ಣಾಂಕದ ಭಾಗಾಕಾರದಿಂದ ಬಂದಿದ್ರ ಸುತ್ತು ಖಾತ್ರಿ, ಅದು ನಮ್ಮ ಕಣ್ಣಿಗೆ ಬೀಳಲಿ ಬಿಡಲಿ.

ಪೈ, 22/7 ಮತ್ತ ಮಳಖೇಡ

ಈಗ ಹುಡುಗಿ ಪ್ರಶ್ನೆಗೆ ಬರೋಣ. 22 ನ್ನ 7 ರಿಂದ ಭಾಗಿಸಿದ್ರ 3.142857142857..., ನಾವು ಕೈಯಿಂದ ಮಾಡಿದ ಅದೇ ಆರು ಅಂಕಿ ಸುತ್ತು. ಪೈ ಅಂದ್ರ 3.141592653589... ಎರಡನ್ನೂ ಒಂದರ ಕೆಳಗ ಒಂದು ಬರದ್ರ 3.14 ತನಕ ಕೂಡಿ ನಡೀತಾವ, ಮೂರನೇ ದಶಮಾಂಶಕ್ಕೇ ದಾರಿ ಬ್ಯಾರೆ ಆಗ್ತದ, ಅಲ್ಲಿ 2, ಇಲ್ಲಿ 1. ಎರಡೂ ಬ್ಯಾರೆ ಬ್ಯಾರೆ ಸಂಖ್ಯೆ. 22/7 ಭಾಗಲಬ್ಧ, ಪೈ ಅಭಾಗಲಬ್ಧ, ಪುಸ್ತಕದ ಎರಡೂ ಮಾತು ಖರೆ, ನಡುವಿನ ಸಮ ಚಿಹ್ನೆ ಮಾತ್ರ ಸರಿ ಇಲ್ಲ, ಅದು "ಸುಮಾರು" ಅನ್ನೋ ಚಿಹ್ನೆ ಆಗಬೇಕಿತ್ತು.

ಸುಮಾರು ಅಂದ್ರ ಎಷ್ಟು ಸುಮಾರು? 10 ಫೂಟ್ ಅಡ್ಡಗಲದ ಒಂದು ದುಂಡನ ಬಾವಿ ಸುತ್ತಳತಿ ತಗೋರಿ. ಪೈ ಹಾಕಿದ್ರ 31.4159... ಫೂಟ್, 22/7 ಹಾಕಿದ್ರ 31.4285... ಫೂಟ್. ಫರಕ್ ಸುಮಾರು 4 ಮಿಲಿಮೀಟರ್, ಗಾರಿ ಬಳದ್ರ ಕಾಣಂಗಿಲ್ಲ. ಅದಕ್ಕೇ ಸಾಲಿಯೊಳಗ 22/7 ನಡೀತದ.

ಪೈ ತಿರುಗಂಗಿಲ್ಲ ಅಂತ ಗೊತ್ತಾದದ್ದು ಅಂಕಿ ಎಣಸಿ ಅಲ್ಲ. ಕಂಪ್ಯೂಟರ್ ಈಗ ಲಕ್ಷಾಂತರ ಕೋಟಿ ಅಂಕಿ ತನಕ ಲೆಕ್ಕ ಮಾಡ್ಯಾವ, ಎಲ್ಲೂ ಸುತ್ತು ಇಲ್ಲ, ಆದ್ರ ಅದು ಸಾಬೀತು ಅನ್ನಿಸ್ಕೊಳ್ಳಂಗಿಲ್ಲ, ಇನ್ನೂ ಮುಂದ ಹೋಗಿ ತಿರುಗಬಹುದಲ್ಲ ಅಂತ ಯಾರಾದ್ರೂ ಕೇಳಬಹುದು. 1761ರಲ್ಲಿ ಲ್ಯಾಂಬರ್ಟ್ ಅನ್ನೋ ಗಣಿತಜ್ಞ ಪೈ ಯಾವ ಭಿನ್ನರಾಶಿಗೂ ಸಮ ಆಗಂಗಿಲ್ಲ ಅಂತ ತರ್ಕದಿಂದ ತೋರಿಸಿದ, ಆ ಸಾಬೀತು √2 ರಷ್ಟು ಸರಳ ಇಲ್ಲ, ಅದಕ್ಕ ಇಲ್ಲಿ ಬಿಡ್ತೀನಿ. ಪೈ ಅಂದ್ರ ಸುತ್ತಳತಿ ಭಾಗಿಸು ವ್ಯಾಸ ಅಲ್ಲೇನು, ಅದೂ ಭಾಗಾಕಾರನೇ ಅಲ್ಲ ಅಂತ ಒಬ್ಬರಾದ್ರೂ ಕೇಳೇ ಕೇಳ್ತಾರ. ಭಾಗಾಕಾರ ಹೌದು, ಪೂರ್ಣಾಂಕದ ಭಾಗಾಕಾರ ಅಲ್ಲ. ವ್ಯಾಸ ಪೂರ್ಣಾಂಕದಾಗ ಕೂತ್ರ ಸುತ್ತಳತಿ ಕೂಡಂಗಿಲ್ಲ, ಸುತ್ತಳತಿ ಕೂತ್ರ ವ್ಯಾಸ ಕೂಡಂಗಿಲ್ಲ, ಫೂಟ್ ಹಿಡೀರಿ ಮಿಲಿಮೀಟರ್ ಹಿಡೀರಿ, ಅಳತಿಗೋಲು ಎಷ್ಟು ಸಣ್ಣದು ಮಾಡಿದ್ರೂ ಎರಡೂ ಒಟ್ಟಿಗೆ ಕೂಡಂಗಿಲ್ಲ.

ನಮ್ಮ ನೆಲದಾಗೇ ಈ ಲೆಕ್ಕ ನಡೆದದ್ದು ಭಾಳ ಮಂದಿಗೆ ಗೊತ್ತಿಲ್ಲ. ಸೇಡಂ ತಾಲೂಕಿನ ಮಳಖೇಡ, ಕಾಗಿಣಾ ನದಿ ದಂಡಿ ಮ್ಯಾಲಿನ ಊರು, ಅದೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಾಗ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ ಅನ್ನೋ ಜೈನ ಗಣಿತಜ್ಞ ಗಣಿತಸಾರಸಂಗ್ರಹ ಬರ್ದ, ಶುರುವಿಗೇ ನೃಪತುಂಗನ್ನ ಹೊಗಳ್ತಾನ. ಭಿನ್ನರಾಶಿಗೆ ಅಂತನೇ ಅದ್ರಾಗ ಕಲಾಸವರ್ಣ ಅಂತ ದೊಡ್ಡ ಭಾಗ ಅದ. ವೃತ್ತಕ್ಕ ಬಂದಾಗ ಆತ ಎರಡು ಲೆಕ್ಕ ಕೊಡ್ತಾನ, ಒರಟು ಲೆಕ್ಕಕ್ಕ ವ್ಯಾಸದ 3 ಪಟ್ಟು, ಸೂಕ್ಷ್ಮ ಲೆಕ್ಕಕ್ಕ √10 ಪಟ್ಟು. √10 ಅಂದ್ರ 3.16227766..., ಅದೂ ತಿರುಗಲಾರದ ಸಂಖ್ಯೆನೇ, ಆದ್ರೂ ಪೈ ಅಲ್ಲ, ಬಾವಿ ಲೆಕ್ಕದಾಗ 31.62 ಫೂಟ್ ಬರ್ತದ, 22/7 ಗಿಂತ ದೂರ. ಅಭಾಗಲಬ್ಧ ಅಂದ ಮಾತ್ರಕ್ಕ ಹೆಚ್ಚು ಹತ್ರ ಅಂತೇನಿಲ್ಲ. ಅದಕ್ಕಿಂತ ಮೊದ್ಲು 499ರಲ್ಲಿ ಆರ್ಯಭಟ 20000 ವ್ಯಾಸಕ್ಕ 62832 ಸುತ್ತಳತಿ ಅಂತ ಹೇಳಿದ್ದ, ಅಂದ್ರ 3.1416, ಹೇಳ್ಬೇಕಾದ್ರ ಆಸನ್ನ ಅನ್ನೋ ಪದ ಸೇರಿಸಿದ್ದ, ಆಸನ್ನ ಅಂದ್ರ ಹತ್ರದ್ದು. ನಮ್ಮ ಪುಸ್ತಕದ ಸಮ ಚಿಹ್ನೆಯೊಳಗ ಕಾಣಲಾರದ ಎಚ್ಚರ ಆ ಒಂದು ಪದದಾಗ ಅದ.

ಟೇಪಿನ ಪ್ರಶ್ನೆ

ಇಷ್ಟು ಹೇಳಿದ ಮ್ಯಾಲೂ ಅಪ್ಪನ ಮಾತು ಬಾಕಿ ಇತ್ತು, ಮುಗೀಲಾರದ ಅಳತಿ ನಾ ನೋಡಿಲ್ಲ ಅಂತ. ನಾ ಕೇಳಿದೆ, 30×40 ಪ್ಲಾಟ್ ಮೂಲಿಯಿಂದ ಮೂಲಿಗೆ ಎಷ್ಟು ಹಿಡೀತೀರಿ? ಬಾಯಿಗೆ ಬಂದಂಗ ಅಂದ್ರು, 50 ಫೂಟ್. ಬರೋಬ್ಬರಿ, 30 ರ ವರ್ಗ 900, 40 ರದ್ದು 1600, ಕೂಡಿದ್ರ 2500, ಅದರ ವರ್ಗಮೂಲ 50. 20×30 ಪ್ಲಾಟಿಗೆ? 36 ಫೂಟ್ ಮ್ಯಾಲ ಮುಕ್ಕಾಲು ಇಂಚಿಗೆ ಒಂಚೂರು ಕಮ್ಮಿ. ಅದು 36.0555127..., ಮೂರು 5 ನೋಡಿ ತಿರುಗ್ತದ ಅನ್ನಿಸ್ತದ, ತಿರುಗಂಗಿಲ್ಲ. 30×30 ಕ್ಕ? ಸ್ವಲ್ಪ ಯೋಚನೆ ಮಾಡಿ ಅಂದ್ರು, 42 ಫೂಟ್ 5 ಇಂಚು ಒಂದು ಸೂತ್.

ಒಂದು ಸೂತ್ ಅಂದ್ರ ಇಂಚಿನ ಎಂಟನೇ ಒಂದು ಭಾಗ. ಟೇಪಿನ ಮ್ಯಾಲ ಇರೋ ಗೆರಿ ಎಲ್ಲಾ ಇಂಚಿನ ಅರ್ಧ, ಕಾಲು, ಎಂಟನೇ ಭಾಗ, ಇಲ್ಲಾ ಮಿಲಿಮೀಟರ್. ಎಲ್ಲಾ ಭಿನ್ನರಾಶಿ. ಟೇಪಿಗೆ ಭಾಗಲಬ್ಧ ಬಿಟ್ಟು ಬ್ಯಾರೆ ಭಾಷೆನೇ ಬರಂಗಿಲ್ಲ, ಅದಕ್ಕ ಇಪ್ಪತ್ತು ವರ್ಷ ಹಿಡಿದ್ರೂ ಅದು ಅಭಾಗಲಬ್ಧ ಒಂದನ್ನೂ ಹೇಳಿಲ್ಲ. ಮೂಲಿಯಿಂದ ಮೂಲಿಗೆ ಎಳೆದ ಹಗ್ಗ ಮಾತ್ರ ಬರೋಬ್ಬರಿ 30×√2 ಫೂಟ್, ಒಂದು ಕೂದಲೂ ಹೆಚ್ಚು ಕಮ್ಮಿ ಇಲ್ಲ, ಮುಗೀಲಾರದ್ದು ನಾವು ಬರಿಯೋ ದಶಮಾಂಶ, ಹಗ್ಗ ಎರಡು ಗೂಟದ ನಡುವೆ ಅಲ್ಲೇ ಅದ.

ಹುಡುಗಿ ಅಷ್ಟೊತ್ತಿಗೆ ಅಪ್ಪನ ಅಳತಿ ಬರ್ಕೊಂಡು ಲೆಕ್ಕ ಹಾಕ್ಲಿಕ್ಕತ್ತಿದ್ಳು. 42 ಫೂಟ್, ಮ್ಯಾಲ 5/12 ಫೂಟ್, ಮ್ಯಾಲ 1/96 ಫೂಟ್, ಕೂಡಿದ್ರ 4073/96. ಭಾಗಿಸೋಕಿಂತ ಮೊದ್ಲೇ 96 ನ್ನ ಒಡದ್ಳು, ಐದು 2, ಒಂದು 3. "ಮೂರು ಅದ ಕಾಕಾ, ಇದು ತಿರುಗ್ತದ" ಅಂದ್ಳು. ಆಮ್ಯಾಲ ಕೈಯಿಂದಾನೇ ಭಾಗಿಸಿ 42.42708333... ಅಂತ ಬರ್ದು, ಕೊನೀ 3 ರ ಮ್ಯಾಲ ಗೆರಿ ಎಳದು, ಅದರ ಕೆಳಗ 42.42640687... ಅಂತ ಹಗ್ಗದ ಅಳತಿ ಬರ್ದು, ಅದರ ಮ್ಯಾಲ ಗೆರಿ ಎಳೀಲಿಲ್ಲ.